ಪೀಪಾಯಿಯ ತೂಕ

ಅಣ್ಣನದು ಮಣ್ಣು ತೂಗುವ ಕೆಲಸ. ಸಂಶೋಧನಾ ಕೇಂದ್ರದ ಹೊಲದಲ್ಲಿ, ನೆಲದೊಳಗಿನ ತಕ್ಕಡಿಯ ಮೇಲೆ, ಮಣ್ಣು ತುಂಬಿದ ಒಂದು ಪೀಪಾಯಿ ಇಟ್ಟಿದ್ದರು. ದಿನಾ ಬೆಳಿಗ್ಗೆ ಏಳಕ್ಕೆ ಅದರ ತೂಕ ಬರೆಯಬೇಕು. ನಿನ್ನೆಗಿಂತ ಎಷ್ಟು ಕಡಿಮೆಯಾಯಿತೋ ಅಷ್ಟು ನೀರು ಆವಿಯಾಯಿತು ಎಂದು ಲೆಕ್ಕ. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿದ. "ಊರೆಲ್ಲ ಚಿನ್ನ ತೂಗಿದ್ರೆ ನಮ್ಮನೆಯವ್ರು ಮಣ್ಣು ತೂಗ್ತಾರೆ" ಎಂದು ಅತ್ತಿಗೆ ಛೇಡಿಸುತ್ತಿದ್ದಳು.

ಅದೇ ಲೆಕ್ಕವನ್ನು ನಾನು ಕಚೇರಿಯಲ್ಲಿ, ಕುರ್ಚಿ ಬಿಟ್ಟೇಳದೆ, ಉಪಗ್ರಹದ ಚಿತ್ರದಿಂದ ಮಾಡುವವಳು. ಒದ್ದೆ ನೆಲ ತಂಪಾಗಿರುತ್ತದೆ, ಒಣ ನೆಲ ಕಾದಿರುತ್ತದೆ. ಮೇಲಿನಿಂದ ಕಾವು ಅಳೆದರೆ ಎಷ್ಟು ನೀರು ಆರುತ್ತಿದೆಯೆಂದು ಹೇಳಬಹುದು. ನನ್ನ ಲೆಕ್ಕ ಸರಿಯೇ ಎಂದು ನೋಡುವುದಕ್ಕೇ ಅಣ್ಣನ ಪೀಪಾಯಿ ಇದ್ದದ್ದು. ಜಂಬದಲ್ಲಿ ಅದನ್ನು ಮರೆತೆ.

ಆ ಬೇಸಿಗೆಯಲ್ಲಿ ಪೀಪಾಯಿ ದಿನಕ್ಕೆ ನಾಲ್ಕು ಮಿಲಿಮೀಟರ್ ನೀರು ಆರಿತು ಎಂದರೆ ಉಪಗ್ರಹ ಎರಡು ಎಂದಿತು. ಅತ್ತಿಗೆ ಆಗ ಆಸ್ಪತ್ರೆಯಲ್ಲಿದ್ದಳು. ಅಣ್ಣ ಬೆಳಿಗ್ಗೆಯೇ ಅಲ್ಲಿಗೆ ಓಡಿ, ಅಂಕಿಗಳನ್ನು ಮನಸ್ಸಿಗೆ ಬಂದಂತೆ ಗೀಚುತ್ತಿದ್ದಾನೆ ಎಂದುಕೊಂಡೆ. ಫೋನಿನಲ್ಲಿ ಕೇಳಿಯೂ ಕೇಳಿದೆ, ಪೊಲೀಸರ ಹಾಗೆ.

"ತೂಕ ನೋಡ್ದೇನೇ ಬರೀತಿದೀಯಾ?"

"ನೀನೇ ಒಂದ್ಸಲ ಬಂದು ನೋಡೇ. ಬಸ್ಸಲ್ಲಿ ಅರ್ಧ ಗಂಟೆ" ಎಂದ.

ಹೋಗಲಿಲ್ಲ. ಅಣ್ಣನೆಂದು ಮುಚ್ಚಿಹಾಕಿದಳು ಅನ್ನಿಸಿಕೊಳ್ಳಬಾರದೆಂಬ ಹಟ ಬೇರೆ. "ನೆಲದ ಅಳತೆ ನಂಬಲರ್ಹವಲ್ಲ" ಎಂದು ವರದಿಯಲ್ಲಿ ಬರೆದೆ. ಅಣ್ಣನನ್ನು ಉಗ್ರಾಣಕ್ಕೆ ಹಾಕಿದರು. ಅಲ್ಲಿಂದಲೇ ನಿವೃತ್ತನಾದ, ಬೀಳ್ಕೊಡುಗೆಗೂ ನಿಲ್ಲಲಿಲ್ಲ.

ಮರುವರ್ಷ ಪೀಪಾಯಿಗೆ ಹೊಸಬ ಬಂದ. ಅವನ ಲೆಕ್ಕವೂ ನಾಲ್ಕು! ಅವತ್ತೇ ಬಸ್ಸು ಹತ್ತಿದೆ.

ಪೀಪಾಯಿಯಿಂದ ಮೂವತ್ತು ಹೆಜ್ಜೆ ಆಚೆ, ಲಾರಿ ನಿಲ್ಲಿಸಲೆಂದು ಹಿಂದಿನ ವರ್ಷ ಡಾಂಬರು ಹಾಸಿದ್ದರು. ನನ್ನ ಚಿತ್ರದ ಒಂದು ಚೌಕವೆಂದರೆ ನೂರು ಮೀಟರು. ಹೊಲವೂ ಡಾಂಬರೂ ಒಂದೇ ಚೌಕದಲ್ಲಿ. ಡಾಂಬರಿನ ಕಾವನ್ನು ನಾನು ಮಣ್ಣಿನ ಕಾವೆಂದು ಓದಿ, ಒದ್ದೆ ಹೊಲವನ್ನು ಒಣಗಿದೆ ಎಂದುಕೊಂಡಿದ್ದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ನಾನು ಪ್ರತ್ಯಕ್ಷವನ್ನೂ ನೋಡಿರಲಿಲ್ಲ. ಆ ಹೊಸಬನ ಎದುರೇ ಅತ್ತುಬಿಟ್ಟೆ.

ತಪ್ಪು ನನ್ನದೆಂದು ವರದಿ ತಿದ್ದಿ, ಮೇಲಿನವರ ಸಹಿ ಹಾಕಿಸಿ, ಅಣ್ಣನ ಮನೆಗೆ ಒಯ್ದೆ. ಅವನು ಕನ್ನಡಕ ಹಾಕಿಕೊಂಡು ಎರಡು ಪುಟವನ್ನೂ ನಿಧಾನವಾಗಿ ಓದಿದ. ಮಡಚಿ ನನ್ನ ಕೈಗೇ ಕೊಟ್ಟ.

"ನಂದೇ ತಪ್ಪು ಅಣ್ಣಾ. ಬೈದ್ಬಿಡು" ಎಂದೆ.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವನು ಎದ್ದು ಕುರ್ಚಿ ಎಳೆದ.

"ನಿಂತೇ ಇದೀರಲ್ಲ, ಕೂತ್ಕೊಳ್ಳಿ. ಟೀ ಕುಡೀತೀರಾ?"

ನನ್ನನ್ನು ಎತ್ತಿ ಆಡಿಸಿದವನು. ಹುಟ್ಟಿದಾಗಿನಿಂದ ಅವನ ಬಾಯಲ್ಲಿ ನಾನು "ನೀನು", "ಏ ಕತ್ತೆ", ಅಷ್ಟೇ. ಬಹುವಚನ ಹಚ್ಚಿದ್ದು ಅದೇ ಮೊದಲು. ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತವಳು ತಲೆ ತಗ್ಗಿಸಿ ಒಳಗೆ ಹೋದಳು.

"ಕುಡೀತೀನಿ" ಎಂದು, ನೆಂಟರ ಹಾಗೆ, ಕುರ್ಚಿಯ ತುದಿಯಲ್ಲಿ ಕೂತೆ.