ಚೆಂದದ ಸಾವು

ಕಥೆಯೊಳಗಿನ ಹುಡುಗ ಇನ್ನೂ ಸತ್ತಿರಲಿಲ್ಲ. ಚೂರಿ ತಗುಲಿ ಒಂದು ಪುಟವೇ ಕಳೆದಿತ್ತು. ಆದರೂ ಗೆಳೆಯನ ತೊಡೆಯ ಮೇಲೆ ತಲೆಯಿಟ್ಟು, ಆಕಾಶ ನೋಡುತ್ತಾ, ದ್ವೇಷದಿಂದ ಯಾರಿಗೂ ಒಳ್ಳೆಯದಾಗುವುದಿಲ್ಲವೆಂದು ನಿಧಾನವಾಗಿ ತಿಳಿಹೇಳುತ್ತಿದ್ದ. ಓದುತ್ತಿದ್ದ ಟೀಚರ್ ದನಿ ತಗ್ಗಿಸಿದರು. ಮುಂದಿನ ಬೆಂಚಿನ ಹುಡುಗಿಯರು ಮೂಗೊರೆಸಿಕೊಂಡರು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಯಾರೋ ಪಕ್ಕನೆ ನಕ್ಕರು.

ನಕ್ಕವಳು ಸೂಜಿ. ತಾಯಿ ಹೊಲಿಗೆಯವಳೆಂದು ಬಿದ್ದ ಅಡ್ಡಹೆಸರು. ಅವಳ ಬಾಯಿಯ ಪರಿಚಯವಾದ ಮೇಲೆ ಗಟ್ಟಿಯಾಗಿ ನಿಂತುಬಿಟ್ಟಿತ್ತು.

ಟೀಚರ್ ಆ ಶಾಲೆಗೆ ಹೊಸಬರು. ಈ ಕಥೆಯನ್ನು ಬೇಕೆಂದೇ ಹುಡುಕಿ ತಂದಿದ್ದರು. ತರಗತಿಯ ಎಡಗಡೆ ಸೂಜಿಯಂಥ ಸೇತುವೆಯ ಈಚೆಯವರು, ಬಲಗಡೆ ಆಚೆಯವರು. ನಡುವಿನ ಓಣಿಯನ್ನು ಯಾರೂ ಸುಮ್ಮಸುಮ್ಮನೆ ದಾಟುತ್ತಿರಲಿಲ್ಲ. ಈಚೆಯವರ ಪ್ರಕಾರ ಆಚೆಯವರೆಲ್ಲ ಗಬ್ಬುನಾತದವರು. ಆಚೆಯವರ ಪ್ರಕಾರ ಈಚೆಯವರು ಹುಟ್ಟಾ ಕಳ್ಳರು. ಎರಡು ಗುಂಪಿನ ಜಗಳದ ಕಥೆ ಓದಿಸಿದರೆ ಮಕ್ಕಳ ಮನಸ್ಸು ಕರಗೀತು ಎಂಬುದು ಟೀಚರ್ ನಂಬಿಕೆ. ಪಾಠಕ್ಕೆ ಮೊದಲು ಬೋರ್ಡಿನ ಮೇಲೆ ದುಂಡಗೆ ಬರೆದಿದ್ದರು: ‘ದ್ವೇಷ ಎಲ್ಲಿ ಹುಟ್ಟುತ್ತದೆ?’

“ಅಜ್ಞಾನದಲ್ಲಿ ಮಿಸ್,” ಎಂದು ಕ್ಲಾಸ್ ಲೀಡರ್ ಎದ್ದು ನಿಂತು ಹೇಳಿದ್ದಳು. ಮೊನ್ನೆ ಆಚೆಯ ಹುಡುಗಿಯೊಬ್ಬಳು ಕೂತೆದ್ದ ಬೆಂಚನ್ನು ಒದ್ದೆಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಕಿಟಕಿಯಾಚೆ ಎಸೆದವಳೂ ಅವಳೇ. ಟೀಚರ್ ಅವಳಿಗೆ “ವೆರಿ ಗುಡ್” ಅಂದರು. ಈಗ ಸೂಜಿಯ ನಗು ಕೇಳಿ ಪುಸ್ತಕ ಕೆಳಗಿಟ್ಟರು.

“ಏನಮ್ಮಾ, ಒಬ್ಬ ಸಾಯ್ತಾ ಇದಾನೆ. ನಗು ಬರತ್ತಾ ನಿಂಗೆ?”

“ಸಾಯೋನು ಇಷ್ಟೊಂದು ಭಾಷಣ ಮಾಡಲ್ಲ ಮಿಸ್.”

“ನಿಂಗೇನು ಗೊತ್ತು?”

ಕೇಳಬಾರದಾಗಿತ್ತು. ಸೂಜಿ ಎದ್ದು ನಿಂತಳು. “ಹೋದ ವರ್ಷ ಸೇತುವೆ ಹತ್ರ ನಮ್ಮಣ್ಣಂಗೆ ರಾಡಲ್ಲಿ ಹೊಡೆದು ಕಾಲು ಮುರಿದ್ರಲ್ಲ, ನಾನಲ್ಲೇ ಇದ್ದೆ. ಅವನು ದ್ವೇಷ ಗೀಷ ಏನೂ ಅನ್ನಲಿಲ್ಲ. ಅಮ್ಮಾ ಅಮ್ಮಾ ಅಂದ. ಪ್ಯಾಂಟಲ್ಲೇ ಉಚ್ಚೆ ಹೊಯ್ಕೊಂಡ. ಹೊಡೆಯೋನ ಕಾಲು ತಬ್ಕೊಂಡು, ನಿನ್ನ ದಮ್ಮಯ್ಯ, ಬಿಟ್ಬಿಡು ಅಂದ.”

ಬಲಗಡೆಯ ಸಾಲುಗಳು ಹೋ ಎಂದು ನಕ್ಕು ಮೇಜು ಗುದ್ದಿದವು. ಅವಳು ಗದ್ದಲ ಇಳಿಯುವವರೆಗೂ ಕಾದಳು.

“ಹೊಡೆಯೋನೂ ಅಳ್ತಾ ಇದ್ದ ಮಿಸ್. ಮೂಗಿಂದ ಸಿಂಬಳ ಸುರೀತಿತ್ತು. ಒಂದೇಟು ಹಾಕೋದು, ಅಳೋದು. ಹಿಂದಿಂದ ಅವನ ಕಡೆಯೋರೇ ಹೊಡಿಯೋ ಹೊಡಿಯೋ ಅಂತ ತಳ್ತಾ ಇದ್ರು.”

ಈಗ ಬಲಗಡೆಯವರು ಮೇಜಿನ ಮೇಲಿಂದ ಕೈ ಹಿಂದಕ್ಕೆಳೆದುಕೊಂಡರು. ಹೊಡೆದವನ ತಮ್ಮ ಡುಮ್ಮ ಅದೇ ತರಗತಿಯಲ್ಲಿದ್ದ. ಮೊದಲೂ ನಗದಿದ್ದವನು ಅವನೊಬ್ಬನೇ. ಬೆಂಚಿನ ಮೇಲೆ ಯಾರೋ ಕೊರೆದಿದ್ದ ಗೀಟನ್ನು ಉಗುರಿನಿಂದ ಕೆರೆಯುತ್ತಾ ತಲೆ ತಗ್ಗಿಸಿ ಕೂತಿದ್ದ.

“ಸಾಕು, ಕೂತ್ಕೋ. ಇಂಥ ಕೊಳಕು ಮಾತು ನನ್ನ ಕ್ಲಾಸಲ್ಲಿ ಬೇಡ,” ಎಂದರು ಟೀಚರ್. ಮತ್ತೆ ಪುಸ್ತಕ ಎತ್ತಿಕೊಂಡರು. ಕಥೆಯ ಹುಡುಗ ಇನ್ನೊಂದೆರಡು ಒಳ್ಳೆಯ ಮಾತು ಹೇಳಿ, ಚೆಂದವಾಗಿ ಕಣ್ಣು ಮುಚ್ಚಿದ.

ಶಾಲೆ ಬಿಡುವ ಹೊತ್ತಿಗೆ ಮಾತು ಸೇತುವೆ ದಾಟಿತ್ತು; ಸಂಜೆಗೆ ಹಾಡಾಗಿ ವಾಪಸು ಬಂತು. ಉಚ್ಚೆವೀರ, ಉಚ್ಚೆವೀರ ಎಂದು ಆಚೆಯ ಪಡ್ಡೆಹುಡುಗರು ಸೇತುವೆಯ ಕಟ್ಟೆಯ ಮೇಲೆ ಕೂತು ಕೂಗುತ್ತಿದ್ದರು.

ಅಣ್ಣನಿಗೆ ಬೇರೆ ಕೆಲಸವಿರಲಿಲ್ಲ. ಆ ಕುಂಟುಗಾಲೇ ಅವನ ನೌಕರಿ. ಬೆಳಿಗ್ಗೆ ತಲೆ ಬಾಚಿಕೊಂಡು ಮೆಕ್ಯಾನಿಕ್ಕನ ಶೆಡ್ಡಿಗೆ ಹೋಗಿ ಹಳೇ ಟೈರಿನ ಮೇಲೆ ಕೂರುವುದು. ಕೇರಿಯ ಚಿಳ್ಳೆಪಿಳ್ಳೆಗಳು ಬಂದರೆ ಪ್ಯಾಂಟು ಮಡಚಿ ಮಂಡಿಯ ಗಾಯ ತೋರಿಸುವುದು. ಐದು ಜನರನ್ನು ಒಬ್ಬನೇ ಹೇಗೆ ತಡೆದೆ ಎಂದು ಹೇಳುವುದು. ಮಳೆಗಾಲ ಕಳೆಯುವಷ್ಟರಲ್ಲಿ ಐವರು ಎಂಟಾಗಿದ್ದರು. ಸೂಜಿ ಕೇಳಿ ಕೇಳಿ, ಅವನು ತಟ್ಟೆ ಮುಂದೆ ಬಾಯ್ತೆರೆದರೂ ಹೇಸಿಗೆಪಡುವಂತಾಗಿದ್ದಳು.

ಆ ಸಂಜೆ ಅವನು ಒಳಗೆ ಬಂದು ಬಾಗಿಲು ಹಾಕಿದ. ಅಮ್ಮನ ಮಿಷಿನ್ನು ನಿಂತಿತು.

“ಏನೇ ಅಂದೆ ಸ್ಕೂಲಲ್ಲಿ?”

“ನಡೆದದ್ದು ಅಂದೆ. ಎಂಟು ಜನ ಅನ್ನೋದು ಮರ್ತುಹೋಯ್ತು.”

ಅವನು ಕೈಯೆತ್ತಿದ. “ಮುಟ್ಟು ನೋಡೋಣ,” ಎಂದಳು ಅಮ್ಮ, ಕೂತಲ್ಲಿಂದಲೇ. ಎತ್ತಿದ ಕೈ ಎಲ್ಲಿಡುವುದೆಂದು ತಿಳಿಯದೆ ಅವನು ತಲೆ ಕೆರೆದುಕೊಂಡ.

ಅಷ್ಟರಲ್ಲಿ ಬಾಗಿಲು ಬಡಿದರು. ಮೆಕ್ಯಾನಿಕ್, ಅವನ ಹಿಂದೆ ಇನ್ನೂ ಮೂವರು. ಮೆಕ್ಯಾನಿಕ್ಕನ ಕೈಯಲ್ಲಿ ಹಳೇ ಪೇಪರು ಸುತ್ತಿದ ರಾಡು ಇತ್ತು. “ಬಾರೋ ಹೋಗೋಣ. ಆ ಡುಮ್ಮ ಟ್ಯೂಷನ್ ಮುಗಿಸ್ಕೊಂಡು ಬರೋ ಹೊತ್ತು. ಅವನ ಕಾಲೂ ನಿನ್ನ ಕಾಲಿನ ಥರಾನೇ ಮಾಡಿ ಕಳ್ಸೋಣ. ನಮ್ಮ ಕಡೆ ಹುಡುಗೀನ ಹೆದರಿಸಿ, ಅವಳ ಬಾಯಲ್ಲೇ ಅಂಥಾ ಮಾತು ಹೇಳ್ಸಿದಾರೆ ಅಂದ್ರೆ!”

“ನನ್ನ ಯಾರೂ ಹೆದರಿಸಿಲ್ಲ,” ಎಂದಳು ಸೂಜಿ. ಅವಳಿಗೆ ಬೆಂಚು ಕೆರೆಯುತ್ತಿದ್ದ ಡುಮ್ಮನ ಉಗುರು ಕಣ್ಣಿಗೆ ಕಟ್ಟಿತು. “ಅವನು ಏನೂ ಮಾಡಿಲ್ಲ. ನಕ್ಕೂ ಇಲ್ಲ.”

“ನೀನು ಸುಮ್ನಿರಮ್ಮ, ಇದು ಗಂಡಸರ ವಿಷಯ.” ಮೆಕ್ಯಾನಿಕ್ ರಾಡನ್ನು ಅಣ್ಣನತ್ತ ಚಾಚಿದ. “ಮೊದಲನೇ ಏಟು ನಿಂದೇ. ಹಿಡ್ಕೋ.”

ಅಣ್ಣ ಹಿಡಿಯಲಿಲ್ಲ. ರಾಡನ್ನೇ ನೋಡುತ್ತಿದ್ದ. ಅವನ ಒಳ್ಳೆಯ ಕಾಲು ಅರ್ಧ ಹೆಜ್ಜೆ ಹಿಂದೆ ಸರಿದದ್ದು ಸೂಜಿಗೆ ಕಾಣಿಸಿತು. ಹೋಗುತ್ತಾನೆ, ಅವರು ತಳ್ಳಿದರೆ ಸಾಕು, ಹೋಗಿಯೇ ಹೋಗುತ್ತಾನೆ ಅಂದುಕೊಂಡಳು.

“ಅವಳು ಹೇಳಿದ್ದು ನಿಜ ಕಣೋ,” ಎಂದ ಅಣ್ಣ.

“ಯಾವುದು?”

“ಎಲ್ಲಾನೂ. ಉಚ್ಚೆ ಹೊಯ್ಕೊಂಡಿದ್ದೆ. ಕಾಲು ಹಿಡ್ಕೊಂಡಿದ್ದೆ. ಎಂಟು ಜನಾನೂ ಇರಲಿಲ್ಲ, ಐದು ಜನಾನೂ ಇರಲಿಲ್ಲ. ನಾನು ಯಾರಿಗೂ ಒಂದೇಟೂ ಹಾಕಿಲ್ಲ.”

ಮೆಕ್ಯಾನಿಕ್ ಅವನನ್ನು ತಲೆಯಿಂದ ಕಾಲಿನವರೆಗೆ, ತುಕ್ಕು ಹಿಡಿದ ನಟ್ಟನ್ನು ತಿರುಗಿಸಿ ನೋಡುವಂತೆ ನೋಡಿದ.

“ಥೂ. ಇಂಥೋನಿಗಾಗಿ ಇಷ್ಟು ದಿನ ಹೊಡೆದಾಡಿದ್ವಲ್ಲೋ. ನಾಳೆಯಿಂದ ಶೆಡ್ಡಿನ ಕಡೆ ತಲೆ ಹಾಕಬೇಡ.”

ಮೆಟ್ಟಿಲಿಳಿಯುವಾಗ ಅವರಲ್ಲೊಬ್ಬ ಕಿಸಕ್ಕನೆ ನಕ್ಕ; ಉಳಿದವರೂ ಸೇರಿಕೊಂಡರು. ಬೈಕುಗಳು ಸೇತುವೆಯ ಕಡೆ ತಿರುಗಲಿಲ್ಲ. ಉಚ್ಚೆವೀರನ ಮಾನ ಕಾಯಲು ಹೋದವರೆನ್ನಿಸಿಕೊಳ್ಳುವುದು ಯಾರಿಗೂ ಬೇಕಿರಲಿಲ್ಲ.

ಸೂಜಿಗೆ ಏನಾದರೂ ಹೇಳಬೇಕೆನ್ನಿಸಿತು. ಚುಚ್ಚುವ ಮಾತುಗಳಷ್ಟೇ ನಾಲಗೆಗೆ ಬಂದವು. ನುಂಗಿಕೊಂಡಳು. ಅಮ್ಮ ಮಿಷಿನ್ನು ತುಳಿಯತೊಡಗಿದಳು.

ಆ ವಾರ ಶಾಲೆಯಲ್ಲಿ ಹೊಡೆದಾಟವಾಗಲಿಲ್ಲ. ಒಂದು ಒಳ್ಳೆಯ ಕಥೆ ಏನೆಲ್ಲ ಮಾಡಬಲ್ಲದು ನೋಡಿ ಎಂದು ಟೀಚರ್ ಪ್ರಾರ್ಥನೆಯ ಹೊತ್ತಿನಲ್ಲಿ ಹೇಳಿದರು. ಹೆಡ್‌ಮಾಸ್ಟರು ಚಪ್ಪಾಳೆ ತಟ್ಟಿಸಿದರು. ಕ್ಲಾಸ್ ಲೀಡರ್ ಎಲ್ಲರಿಗಿಂತ ಜೋರಾಗಿ ತಟ್ಟಿದಳು. ಸೂಜಿ ಕೈ ಕಟ್ಟಿಕೊಂಡು ನಿಂತಿದ್ದಳು. ಆಚೆ ಸಾಲಿನಲ್ಲಿ ಡುಮ್ಮನೂ ತಟ್ಟಲಿಲ್ಲ.

ರಜೆಯ ದಿನ ಅಮ್ಮ ಹೋಟೆಲಿಗೆ ಹೊಲಿದ ಪರದೆಗಳನ್ನು ಸುರುಳಿ ಸುತ್ತಿ ಅಣ್ಣನ ಹೆಗಲ ಮೇಲೆ ಹೇರಿದಳು. ಹೋಟೆಲು ಸೇತುವೆಯ ಆಚೆಗಿತ್ತು. ಅವನು ಹೊರಟ. ಮಂಡಿಯ ಗಾಯ ನೋಡಲು ಮುಗಿಬೀಳುತ್ತಿದ್ದ ಚಿಳ್ಳೆಪಿಳ್ಳೆಗಳೇ ಈಗ ಹಿಂದೆ ಸಾಲುಗಟ್ಟಿ, ಅವನಂತೆಯೇ ಒಂದು ಕಾಲು ಎಳೆಯುತ್ತಾ ನಡೆದವು. ಅವನು ತಿರುಗಿ ನೋಡಲಿಲ್ಲ. ಹೆಗಲಿಂದ ಜಾರಿದ ಪರದೆಯ ತುದಿಯೊಂದು ರಸ್ತೆಯ ಧೂಳಿನಲ್ಲಿ ಎಳೆದುಕೊಂಡು ಹೋಗುತ್ತಿತ್ತು. ಹಿಂದೆಯೇ ಹೊರಟಿದ್ದ ಸೂಜಿ ಮಕ್ಕಳನ್ನು ಸರಿಸಿಕೊಂಡು ಮುಂದೆ ಬಂದಳು. ತುದಿಯನ್ನು ಎತ್ತಿ, ಧೂಳು ಕೊಡವಿ, ಎರಡೂ ಕೈಯಲ್ಲಿ ಹಿಡಿದುಕೊಂಡು, ಅವನ ಹೆಜ್ಜೆಗೆ ತನ್ನ ಹೆಜ್ಜೆಯನ್ನು ನಿಧಾನ ಮಾಡಿಕೊಂಡು ಸೇತುವೆ ಹತ್ತಿದಳು.