ಹಾಸಿನ ಗಂಜಿಗೆ ಉಪ್ಪು

ಮಳೆಗಾಲ ಬಂತೆಂದರೆ ನಾರಾಯಣಪೇಟೆಯ ನಮ್ಮ ನೇಕಾರರ ಓಣಿಯಲ್ಲಿ ನೀರಿನದೇ ಮಾತು. ಬೇಸಿಗೆಯಲ್ಲಿ ನೀರು ಬರಲಿಲ್ಲ ಎಂದು ಜಗಳ, ಮಳೆಗಾಲದಲ್ಲಿ ಬಂದ ನೀರು ಚಹಾದ ಬಣ್ಣದ್ದು ಎಂದು ಜಗಳ. ಹೋದ ವರ್ಷ ಆಷಾಢದಲ್ಲಿ ಎರಡು ದಿನ ಬಿಡದೆ ಮಳೆ ಸುರಿಯಿತು. ಚರಂಡಿ ತುಂಬಿ, ಓಣಿಯ ನೀರಿನ ತೊಟ್ಟಿಯ ಬಿರುಕಿನಿಂದ ಹೊಲಸು ನೀರು ಒಳಗಿಳಿಯಿತು. ಯಾರಿಗೂ ಗೊತ್ತಾಗಲಿಲ್ಲ. ಮೂರನೇ ದಿನದಿಂದ ಮನೆಮನೆಯಲ್ಲೂ ವಾಂತಿಭೇದಿ.

ನನ್ನ ಮನೆ ತೊಟ್ಟಿಯ ಎದುರಿಗೇ ಇದೆ. ಮೊಣಕಾಲು ನೋವಿನಿಂದ ಕೊಡ ಎತ್ತಲಾರೆ. ಆಗ್ಗೆ ಆರೇಳು ತಿಂಗಳಿಂದ ದಿನಾ ನನ್ನ ಕೊಡ ತುಂಬಿ, ಬಾಯಿಗೆ ತಟ್ಟೆ ಮುಚ್ಚಿ, ಕಟ್ಟೆಯ ಮೇಲೆ ಇಟ್ಟು ಹೋಗುತ್ತಿದ್ದವಳು ಸೆನುವಾರಾ. ನಾನು ಕೇಳಿರಲಿಲ್ಲ. ಒಂದು ದಿನ ನಾನು ಕುಂಟುವುದನ್ನು ನೋಡಿದಳು, ಮರುದಿನದಿಂದ ಶುರುಮಾಡಿದಳು. ತನ್ನ ನೀಲಿ ಡಬ್ಬಿ ತುಂಬಿಕೊಳ್ಳುತ್ತಿದ್ದದ್ದು ಆಮೇಲೆಯೇ.

ಸೆನುವಾರಾ ಬರ್ಮಾ ದೇಶದವಳು. ಅಲ್ಲಿ ಅವಳ ಊರಿಗೆ ಬೆಂಕಿ ಇಟ್ಟಾಗ ಗಂಡ ಅಯಾಸ್ ಜೊತೆ ಜೀವ ಉಳಿಸಿಕೊಂಡು ಓಡಿ ಬಂದಳು. ಕೆಲವು ವರ್ಷ ಹೈದರಾಬಾದಿನಲ್ಲಿದ್ದರು. ಅಲ್ಲಿ ಕೆಲಸ ತಪ್ಪಿದ ಮೇಲೆ ಇಲ್ಲಿಗೆ ಬಂದು, ಹಳೆಯ ಹತ್ತಿ ಗೋದಾಮಿನ ಹಿಂದೆ ತಾಡಪಾಲು ಕಟ್ಟಿಕೊಂಡರು. ರದ್ದಿ, ಪ್ಲಾಸ್ಟಿಕ್ ಆರಿಸಿ ಮಾರಿದರೆ ಊಟ. ರೊಕೇಯಾ ಎಂಬ ನಾಲ್ಕು ವರ್ಷದ ಮಗಳಿದ್ದಾಳೆ. ಆಶ್ರಯ ಕೇಳಿಕೊಂಡು ಬಂದವರೆಂದು ವಿಶ್ವಸಂಸ್ಥೆಯ ಕಚೇರಿ ಕೊಟ್ಟ ಒಂದು ಕಾರ್ಡು ಬಿಟ್ಟರೆ ಅವರ ಹತ್ತಿರ ಬೇರೆ ಕಾಗದವಿಲ್ಲ.

ವಾಂತಿಭೇದಿ ಹಬ್ಬಿದ ಆ ವಾರ, ಬುಧವಾರ ನನ್ನ ಕೊಡ ಖಾಲಿ ಇತ್ತು. ಮಂಗಳವಾರವೂ ಖಾಲಿಯೇ ಇತ್ತು.

ನಮ್ಮ ಆಶಾ ಕಾರ್ಯಕರ್ತೆ ಈಶ್ವರಿ ಅಂದು ಬೆಳಿಗ್ಗೆ ಪಟ್ಟಿ ಹಿಡಿದು ಮನೆಮನೆ ತಿರುಗುತ್ತಿದ್ದಳು. ಪಕ್ಕದ ಮನೆಯ ಹಂಪಣ್ಣ ತನ್ನ ಕಟ್ಟೆಯ ಮೇಲೆ ಸಪ್ಪೆ ಮುಖ ಮಾಡಿ ಕೂತಿದ್ದ. ಅವನದು ಮಗ್ಗದ ಮನೆ. ನಮ್ಮಲ್ಲಿ ಒಂದೇ ಹಾಸಿನಲ್ಲಿ, ಎಂದರೆ ಮಗ್ಗಕ್ಕೇರಿಸುವ ಉದ್ದೆಳೆಗಳಲ್ಲಿ, ಎಂಟು ಸೀರೆ ನೇಯುತ್ತಾರೆ. ಅಷ್ಟುದ್ದದ ನೂಲಿನ ಹಾಸನ್ನು ಓಣಿಯುದ್ದಕ್ಕೂ ಬಿಗಿದು, ನೂಲು ಗಟ್ಟಿಯಾಗಲೆಂದು ಅಕ್ಕಿ ಗಂಜಿ ಸವರಿ, ಕುಂಚ ಎಳೆಯಬೇಕು. ಏಳೆಂಟು ಜನರ ಕೈ ಬೇಕಾಗುವ ಕೆಲಸ. ಮಳೆ ಬಿಟ್ಟಿತೆಂದು ಹಂಪಣ್ಣ ನಸುಕಿನಲ್ಲೇ ಗಂಜಿ ಕಾಸಿದ್ದ. ಕೈ ಜೋಡಿಸಬೇಕಾದವರೆಲ್ಲ ಭೇದಿಯಾಗಿ ಹಾಸಿಗೆ ಹಿಡಿದಿದ್ದರು.

"ಕಾಕಾ, ನಿಮ್ಮ ಮನ್ಯಾಗ ಹ್ಯಾಂಗೈತ್ರಿ?" ಎಂದಳು ಈಶ್ವರಿ.

"ನನಗ ಆಗಿತ್ತು, ಈಗ ನಿಂತೈತಿ. ಇಕಿಗೆ ಏನೂ ಆಗಿಲ್ಲ. ಇಕಿ ನೀರು ಕಾಸಿ ಕುಡೀತಾಳ. ನನಗ ಕಾಸಿದ ನೀರು ಸಪ್ಪಗ ಹತ್ತತೈತಿ."

"ಆಸ್ಪತ್ರಿ ಸಲೈನ್ ರುಚಿ ಐತೇನ್ರೀ?" ಎಂದು ಒಳಗಿನಿಂದ ಅವನ ಹೆಂಡತಿ ವೀರಬಸಮ್ಮ ಕೇಳಿದಳು.

ನಾನು ಕಟ್ಟೆ ಇಳಿದು ಬಂದೆ. "ಈಶ್ವರಿ, ಗೋದಾಮಿನ ಹಿಂದ ಹೋಗಿದ್ದೇನವ್ವಾ? ಎರಡು ದಿನ ಆತು, ಆ ಹೆಣ್ಮಗಳು ನೀರಿಗೆ ಬಂದಿಲ್ಲ."

ಈಶ್ವರಿ ಪಟ್ಟಿ ನೋಡಿದಳು. "ಅಮ್ಮಾ, ಇದು ಮನಿ ನಂಬರಿನ ಮ್ಯಾಲ ಬರೆದ ಪಟ್ಟಿ. ಡೇರಾಕ್ಕ ನಂಬರಿಲ್ಲ..." ಎಂದವಳು ಅಷ್ಟಕ್ಕೇ ನಿಂತಳು. ಚೀಲ ಹೆಗಲಿಗೇರಿಸಿ, "ತಪ್ಪಾತು. ನಡೀರಿ ನೋಡೋಣು," ಎಂದಳು.

"ಹೋಗಬ್ಯಾಡ್ರಿ," ಎಂದ ಹಂಪಣ್ಣ. "ಈ ಬ್ಯಾನಿ ತಂದವರೇ ಅವರು. ಎಲ್ಲಿಯವರೋ ಏನೋ."

"ಕಾಕಾ, ಈ ಓಣ್ಯಾಗ ಮೊದಲು ಚಂಬು ಹಿಡಕೊಂಡು ಓಡಿದವ್ರು ಯಾರು? ಪಟ್ಟ್ಯಾಗ ತಾರೀಖು ಸಮೇತ ಐತಿ. ಓದಲೇನು?"

"ಓದವ್ವಾ, ಜೋರಾಗಿ ಓದು!" ವೀರಬಸಮ್ಮ ನಗುತ್ತ ಹೊರಗೆ ಬಂದಳು.

ಹಂಪಣ್ಣ ಮುಖ ತಿರುಗಿಸಿದ. ಈಶ್ವರಿ ದನಿ ತಗ್ಗಿಸಿ ಹೇಳಿದಳು: "ಅವರು ಬಂದು ಏಳು ತಿಂಗಳಾತು. ಬ್ಯಾನಿ ಬಂದದ್ದು ಮೊನ್ನಿ ಮಳಿ ಆದ ಮ್ಯಾಲ. ತೊಟ್ಟಿ ಒಂದೇ, ನೀರು ಒಂದೇ. ಅವರ ಡೇರಾದಾಗ ಭೇದಿ ನಿಲ್ಲಲಿಲ್ಲಂದ್ರ ಮಳಿಗೆ ಹರಿದು ಮತ್ತ ನಮ್ಮ ನೀರಿಗೇ ಬರತೈತ್ರಿ ಕಾಕಾ."

ನಾವು ಮೂವರು ಹೆಂಗಸರು ಹೋದೆವು. ಡೇರಾದ ಬಟ್ಟೆ ಇಳಿಬಿಟ್ಟಿತ್ತು. ಒಳಗೆ ರೊಕೇಯಾ ಚೀಲದ ಮೇಲೆ ಮಲಗಿದ್ದಳು. ಕಣ್ಣು ಗುಳಿಬಿದ್ದಿದ್ದವು. ಈಶ್ವರಿ ಅವಳ ಹೊಟ್ಟೆಯ ಚರ್ಮ ಮೆಲ್ಲಗೆ ಹಿಡಿದು ಬಿಟ್ಟಳು. ಚರ್ಮ ಎದ್ದಂತೆಯೇ ನಿಂತು, ಬಹಳ ನಿಧಾನವಾಗಿ ಇಳಿಯಿತು. ರಾತ್ರಿಯಿಂದ ಮೂತ್ರ ಆಗಿಲ್ಲ ಎಂದಳು ತಾಯಿ.

"ದವಾಖಾನಾ ನಕ್ಕೋ, ಅಮ್ಮಾ," ಆಸ್ಪತ್ರೆ ಬೇಡವೆಂದು ಅಯಾಸ್ ಕೈಮುಗಿದ. ಆಸ್ಪತ್ರೆಯಲ್ಲಿ ಆಧಾರ್ ಕೇಳುತ್ತಾರೆ, ಇಲ್ಲವೆಂದರೆ ಪೊಲೀಸರನ್ನು ಕರೆಸುತ್ತಾರೆ ಎಂಬ ಭಯ ಅವನಿಗೆ. ಆ ಭಯಕ್ಕೇ ಎರಡು ದಿನ ಮಗುವನ್ನು ಬಚ್ಚಿಟ್ಟಿದ್ದ.

ಅವನು ಹೈದರಾಬಾದಿನಲ್ಲಿ ಕಲಿತ ಉರ್ದುವಿನಲ್ಲೇ ಈಶ್ವರಿ ಸಮಾಧಾನ ಹೇಳಿದಳು. ಡಾಕ್ಟರು ನೋಡುವುದು ಕಾಯಿಲೆಯನ್ನು, ಕಾಗದವನ್ನಲ್ಲ. ತಾನು ಜೊತೆಗೇ ಇರುತ್ತೇನೆ ಎಂದಳು. ೧೦೮ಕ್ಕೆ ಫೋನು ಮಾಡಿದಳು. ದಾರಿಯಲ್ಲಿ ನೀರು ನಿಂತಿದೆ, ಅರ್ಧ ಗಂಟೆ ಆಗುತ್ತದೆ ಎಂದರು. ಚೀಲ ತಡಕಿದರೆ ಓಆರ್‌ಎಸ್ ಪೊಟ್ಟಣ ಒಂದೂ ಉಳಿದಿರಲಿಲ್ಲ. ಎಲ್ಲವನ್ನೂ ನಂಬರು ಇರುವ ಮನೆಗಳಿಗೆ ಕೊಟ್ಟಾಗಿತ್ತು.

"ಅರ್ಧ ತಾಸು ಕೂಸು ಹಿಂಗೇ ಇರಬಾರದು. ಯಾರ ಮನ್ಯಾಗರ ಗಂಜಿ ಐತೇನ್ರಿ?"

ವೀರಬಸಮ್ಮ ಹೊರಗೆ ಬಂದು, ಡೇರಾಕ್ಕೆ ಹತ್ತಿರವೇ ಇದ್ದ ತನ್ನ ಮನೆಯ ಹಿಂಗೋಡೆಯ ಕಡೆ ತಿರುಗಿ ಕೂಗಿದಳು: "ಏನ್ರೀ! ಗಂಜಿ ತರ್ರಿ!"

"ಯಾವ ಗಂಜಿ?"

"ಹಾಸಿನ ಗಂಜಿ!"

"ಹುಚ್ಚ ಹಿಡಿದೈತೇನ? ಹಾಸಿಗೆ ಹಚ್ಚೋಕಿಂತ ಮೊದಲು ಅದನ್ನ ಯಾರೂ ಮುಟ್ಟಂಗಿಲ್ಲ!"

"ಹಾಸು ನಾಳಿ ಹಾಸಿದ್ರೂ ನಡೀತೈತಿ. ಕೂಸು ನಾಳಿತನ ತಡಿಯಂಗಿಲ್ರೀ!"

ಗಂಜಿಯ ಮೊದಲ ಬೊಗಸೆ ಹಾಸಿಗೇ ಸೇರಬೇಕೆಂಬುದು ಅವನ ಅಪ್ಪನ ಕಾಲದ ಪದ್ಧತಿ. ನಾನು ಅವನು ಬರುವುದಿಲ್ಲವೆಂದೇ ಅಂದುಕೊಂಡೆ. ಆದರೆ ಹಂಪಣ್ಣ ಬಂದ. ಭೇದಿಯಿಂದ ಸೋತ ಕಾಲು ಎಳೆಯುತ್ತ, ಹೆಗಲ ವಲ್ಲಿಯಲ್ಲಿ ಪಾತ್ರೆ ಹಿಡಿದು, ತಾನೇ ಬಂದ.

ಈಶ್ವರಿ ಒಂದು ಹನಿ ನಾಲಿಗೆಗೆ ಹಚ್ಚಿಕೊಂಡಳು. "ಕಾಕಾ, ಉಪ್ಪೇ ಇಲ್ಲಲ್ರೀ!"

"ನೂಲಿಗೆ ಯಾರು ಉಪ್ಪು ಹಾಕ್ತಾರವ್ವಾ? ಹಾಕಿದ್ರ ತ್ಯಾವ ಹಿಡೀತೈತಿ." ನಲವತ್ತು ವರ್ಷ ನೂಲಿಗೆ ಗಂಜಿ ಕಾಸಿದ ಕೈ ಅದು. ಉಪ್ಪಿನ ನೆನಪೇ ಆಗಿರಲಿಲ್ಲ.

"ಕೂಸು ನೂಲಲ್ಲರೀ. ಭೇದ್ಯಾಗ ನೀರಿನ ಸಂಗಡ ಮೈಯಾನ ಉಪ್ಪೂ ಹೋಗಿರತೈತಿ. ಬರೀ ಸಪ್ಪನ ನೀರು ಸಾಲಂಗಿಲ್ಲ. ಎಣ್ಣಿ ಗಿಣ್ಣಿ ಹಾಕಿರೇನು?"

"ಇಲ್ಲ, ಬರೀ ಅಕ್ಕಿ. ಎಣ್ಣಿ, ಗಂಜಿ ಹಚ್ಚೋ ಹೊತ್ತಿಗೆ ಹಾಕೋದು." ಎಂದವನೇ ಮನೆಗೆ ತಿರುಗಿದ. ಉಪ್ಪಿನ ಡಬ್ಬಿಯ ಜೊತೆಗೆ ಹೆಂಡತಿ ಕಾಸಿ ಆರಿಸಿಟ್ಟ ನೀರನ್ನೂ ತಂದ. ಈಶ್ವರಿ ಗಂಜಿಯನ್ನು ಕುಡಿಯುವಷ್ಟು ತೆಳುವಾಗಿಸಿ, ಒಂದು ಲೀಟರಿಗೆ ಅರ್ಧ ಸಣ್ಣ ಚಮಚದಂತೆ ಉಪ್ಪು ಬೆರೆಸಿದಳು. ಕೈ ತೊಳೆದುಕೊಂಡು, ಸೆನುವಾರಾ ಚಮಚ ಚಮಚವಾಗಿ ಕುಡಿಸಿದಳು. ಮಗು ಒಮ್ಮೆ ಕಾರಿಕೊಂಡಿತು. ತಾಯಿ ಹೆದರಿ ನಿಲ್ಲಿಸಿದಳು.

"ನಿಲ್ಲಸಬ್ಯಾಡ. ಹತ್ತು ನಿಮಿಷ ತಡದು ಮತ್ತ ಕೊಡು, ಇನ್ನೂ ಸಾವಕಾಶ," ಎಂದಳು ಈಶ್ವರಿ.

ಹಂಪಣ್ಣ ಕುಕ್ಕರಗಾಲಲ್ಲಿ ಕೂತು ತನ್ನ ವಲ್ಲಿಯಿಂದ ಮಗುವಿನ ಮುಖದ ನೊಣ ಓಡಿಸುತ್ತಿದ್ದ. ಯಾರೂ ಅವನಿಗೆ ಹೇಳಿರಲಿಲ್ಲ.

ಗಾಡಿ ಬಂದಾಗ ಈಶ್ವರಿಯ ಹಿಂದೆ ಅವನೂ ಹತ್ತಿದ. ಮುಂದಿನದನ್ನು ಈಶ್ವರಿ ನನಗೆ ಹೇಳಿದಳು. ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಮಗುವಿನ ಕಣ್ಣು ನೋಡಿದವರೇ ಸಲೈನ್ ಹಚ್ಚಿಸಿದರು. ಕಾರ್ಡಿನ ಮಾತು ಆಡಲಿಲ್ಲ. ಆಮೇಲೆ ಚೀಟಿ ಬರೆಯುವವನು ವಿಳಾಸ ಕೇಳಿದ. ಅಯಾಸ್ ತಲೆ ತಗ್ಗಿಸಿದ. ಹಂಪಣ್ಣ ಮುಂದೆ ಬಂದು ಹೇಳಿದನಂತೆ: "ಬರಕೋರಿ, ಹಂಪಣ್ಣನ ಮಗ್ಗದ ಮನಿ ಹಿಂದ. ನಮ್ಮ ಓಣಿಯವರು."

ಮೂರನೇ ದಿನ ರೊಕೇಯಾ ತಾಯಿಯ ಸೊಂಟದ ಮೇಲೆ ಕೂತು ಮನೆಗೆ ಬಂದಳು. ಅಷ್ಟರಲ್ಲಿ ತೊಟ್ಟಿ ತೊಳೆದು, ಬಿರುಕು ಮುಚ್ಚಿ, ಬ್ಲೀಚಿಂಗ್ ಪುಡಿ ಹಾಕಿದ್ದರು. ಓಣಿಯವರು ಡೇರಾಕ್ಕೆ ಸಾಬೂನು, ಅಕ್ಕಿ, ನೀರು ಕಾಸಲು ಒಂದು ಹಂಡೆ ಕೊಟ್ಟರು. ಈಶ್ವರಿ ತನ್ನ ಪಟ್ಟಿಯ ಕೊನೆಯಲ್ಲಿ ಡೇರಾದವರಿಗೂ ಪೆನ್ನಿನಿಂದ ಒಂದು ಸಾಲು ಸೇರಿಸಿದಳು. ದಿನಾ ಹೋಗಿ, ಹದಿನಾಲ್ಕು ದಿನದ ಜಿಂಕ್ ಮಾತ್ರೆಯನ್ನು ತಪ್ಪದೆ ಕುಡಿಸಿ ಬಂದಳು.

ಬಿಸಿಲು ಬಿದ್ದ ದಿನ ಓಣಿಯಲ್ಲಿ ಹಾಸು ಬಿಗಿದರು. ಒಂದು ತುದಿ ಹಿಡಿದವನು ಅಯಾಸ್.

"ಬಿಗಿಯಾಗಿ ಹಿಡಿಯಪ್ಪಾ, ಎಂಟು ಸೀರಿ ಐತಿ ನಿನ್ನ ಕೈಯಾಗ!" ಎಂದು ಹಂಪಣ್ಣ ಕೂಗುತ್ತಿದ್ದ. ಒಲೆಯ ಮೇಲೆ ಅಂದು ಎರಡು ಪಾತ್ರೆ ಇದ್ದವು. ದೊಡ್ಡದು ನೂಲಿಗೆ. ಚಿಕ್ಕದಕ್ಕೆ ಹಂಪಣ್ಣನೇ ಉಪ್ಪು ಹಾಕಿ, ರುಚಿ ನೋಡಿ, ಹಾಸಿಗಿಂತ ಮೊದಲು ರೊಕೇಯಾಗೆ ಕಳಿಸಿದ.

ನನ್ನ ಕೊಡ ಕಟ್ಟೆಯ ಮೇಲೆ ತುಂಬಿ ನಿಂತಿತ್ತು, ಬಾಯಿಗೆ ತಟ್ಟೆ ಮುಚ್ಚಿ. "ಕಾಸಿ ಕುಡೀರಿ, ಅಮ್ಮಾ," ಎಂದಳು ಸೆನುವಾರಾ, ನಮ್ಮ ಮಾತಿನಲ್ಲೇ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಮಳೆಗಾಲದಲ್ಲಿ ನೀರು ಕಾಸಿ ಆರಿಸಿ ಕುಡಿಯಿರಿ. ವಾಂತಿಭೇದಿ ಆದರೆ ಒಂದು ಲೀಟರು ಕಾಸಿ ಆರಿಸಿದ ನೀರಿಗೆ ಒಂದು ಪೊಟ್ಟಣ ಓಆರ್‌ಎಸ್ ಬೆರೆಸಿ, ಸ್ವಲ್ಪ ಸ್ವಲ್ಪವಾಗಿ ಕೊಡಿ. ಅದು ಸಿಗುವವರೆಗೆ ಉಪ್ಪು ಹಾಕಿದ ತೆಳು ಗಂಜಿ ಕೊಡಿ. ಮಗುವಿನ ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಮಂಕಾಗಿ ಮಲಗಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ನಿಮ್ಮ ಪಕ್ಕದಲ್ಲಿ ಬೇರೆ ದೇಶದಿಂದ, ಬೇರೆ ಊರಿನಿಂದ ದಿಕ್ಕಿಲ್ಲದೆ ಬಂದವರಿದ್ದರೆ ನೀವೇ ಹೋಗಿ ವಿಚಾರಿಸಿ, ಭಯದಿಂದ ಅವರು ಹೇಳದೆ ಇರಬಹುದು. ಕಾಗದದ ವಿಚಾರ ಆಮೇಲೆ ನೋಡುವವರು ನೋಡುತ್ತಾರೆ. ಆಸ್ಪತ್ರೆಯ ಬಾಗಿಲವರೆಗೆ ನೀವು ಜೊತೆಗೆ ನಡೆಯಿರಿ.

ಮತ್ತೆ ನಿಮ್ಮ ಓಣಿಯ ಮನೆಗಳನ್ನು ಎಣಿಸುವಾಗ, ನಂಬರು ಇಲ್ಲದ ಆ ಒಂದನ್ನೂ ಎಣಿಸಿ.