ಮುಳ್ಳು ಹಾಕಿದ ಮನೆಯ ಮಾಡು

ಮುಚ್ಚಿದ ಮನೆಯ ಮಾಡು ತನ್ನಷ್ಟಕ್ಕೆ ತಾನೇ ಸರಿಯುತ್ತಿದೆ ಎಂಬ ಸುದ್ದಿಯನ್ನು ಮಹಾಲಕ್ಷ್ಮಿಯಮ್ಮನಿಗೆ ತಂದವಳು ದುರ್ಗ. ಹಿರೇಗುತ್ತಿಯ, ಉಪ್ಪುನೀರು ಏರುವ ಗಜನಿ ಗದ್ದೆಗಳ ಅಂಚಿನಲ್ಲಿ ಅವಳು ಬಸಳೆ, ಹರಿವೆ ಬೆಳೆಯುತ್ತಿದ್ದಳು. ಅದರ ಪಕ್ಕದಲ್ಲೇ ಶಿಶಿರನ ತಾರಸಿ ಮನೆ. ಹೊತ್ತು ಮುಳುಗಿದ ಮೇಲೆ ಕೊಡ ಎತ್ತಿಕೊಂಡು ಹೊರಟಾಗ ತಾರಸಿಯ ಮೇಲಿನ ತಗಡಿನ ಮಾಡು ಗರಗರನೆ ಹಿಂದಕ್ಕೆ ಹೋಯಿತಂತೆ.

"ನಿಮ್ಮ ತಮ್ಮ ಎಲ್ಲೂ ಹೋಗ್ಲಿಲ್ಲ ಅಮ್ಮಾ. ಇದ್ದಾಗ ತಿಂಗಳಿಗೊಂದ್ಸಲ ಬತ್ತಿದ್ರು, ಈಗ ದಿನಾ ಬತ್ರು" ಎಂದಳು ದುರ್ಗ.

ಇಂಥ ಮಾತು ಊರಲ್ಲೆಲ್ಲ ಆಡಬೇಡ ಎಂದು ಮಹಾಲಕ್ಷ್ಮಿಯಮ್ಮ ಗದರಿಸಿ ಕಳಿಸಿದಳು. ಆದರೆ ಆ ದಿನ ಅವಳಿಗೆ ಊಟ ಸೇರಲಿಲ್ಲ.

ಶಿಶಿರ ಅವಳ ಕೊನೆಯ ತಮ್ಮ. ತಾಯಿ ತೀರಿಕೊಂಡಾಗ ಅವನು ಇನ್ನೂ ನಡೆಯಲು ಕಲಿತಿರಲಿಲ್ಲ. ಎತ್ತಿ ಆಡಿಸಿದವಳು, ತುತ್ತು ಮಾಡಿ ಉಣಿಸಿದವಳು ಈ ಅಕ್ಕ. ದೊಡ್ಡವನಾಗಿ ಭಟ್ಕಳದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ. ಹೆಂಡತಿ ವಿನುತಾಳೊಡನೆ ಹೊನ್ನಾವರದಲ್ಲಿ ಬಾಡಿಗೆ ಮನೆ ಮಾಡಿದ್ದ. ಅಕ್ಕನ ಊರಿನ ಗಜನಿಯ ಅಂಚಿನಲ್ಲಿ ಕಟ್ಟಿಸಿದ ಈ ಎರಡು ಕೋಣೆಯ ಮನೆ ವಾಸಕ್ಕಲ್ಲ, ದುರ್ಬೀನಿಗೆ. ಅಲ್ಲಿ ಬೀದಿದೀಪವಿಲ್ಲ, ಕತ್ತಲೆ ಚೆನ್ನಾಗಿದೆ ಎನ್ನುತ್ತಿದ್ದ. ಮಾಡು ಸರಿಯುವುದು, ದುರ್ಬೀನು ತಿರುಗುವುದು, ಫೋಟೋ ತೆಗೆಯುವುದು ಎಲ್ಲವೂ ಹೊನ್ನಾವರದಲ್ಲಿ ಕೂತು ಕಂಪ್ಯೂಟರಿನಲ್ಲಿ ಆಗುತ್ತಿತ್ತು. ನಕ್ಷತ್ರಗಳ ಗುಂಪು, ನೀಹಾರಿಕೆ ಎಂದು ಏನೇನೋ ತೋರಿಸುತ್ತಿದ್ದ. ಬೆಳದಿಂಗಳಿನಲ್ಲಿ ಫೋಟೋ ಬರುವುದಿಲ್ಲ. ಆದ್ದರಿಂದ ಹುಣ್ಣಿಮೆಯ ಹೊತ್ತಿಗೆ ತಾನೇ ಬಂದು ದುರ್ಬೀನಿನ ಕನ್ನಡಿಯ ಧೂಳು, ಉಪ್ಪುಗಾಳಿಯ ಕಲೆ ಒರೆಸಿ ಹೋಗುತ್ತಿದ್ದ.

ಕಾರ್ತಿಕದ ಹುಣ್ಣಿಮೆಗೆ ಹಾಗೆಯೇ ಬಂದವನು ಮಧ್ಯಾಹ್ನ ಚಾಪೆ ಹಾಸಿ ಮಲಗಿದ. ಮತ್ತೆ ಏಳಲಿಲ್ಲ.

ಪುರೋಹಿತರಾದ ತ್ರ್ಯಂಬಕ ಭಟ್ಟರು ಪಂಚಾಂಗ ನೋಡಿ, ಜೀವ ಹೋದದ್ದು ಕೃತ್ತಿಕಾ ನಕ್ಷತ್ರದಲ್ಲಿ, ದೋಷವಿದೆ, ಮನೆಯನ್ನು ಮೂರು ತಿಂಗಳು ಮುಚ್ಚಿ ಬಿಡಬೇಕು ಎಂದರು. ಉತ್ತರಕ್ರಿಯೆಯೆಲ್ಲ ಅಕ್ಕನ ಮನೆಯಲ್ಲೇ ನಡೆಯಿತು. ಅದು ಮುಗಿದ ದಿನ ಬೀಗ ಹಾಕಿ ಬಾಗಿಲಿಗೆ ಮುಳ್ಳಿನ ಕೊಂಬೆ ಕಟ್ಟಿದರು. ಆಗ ವಿನುತಾ ಕೇಳಿದ್ದು ಒಂದೇ ಮಾತು, ಕರೆಂಟು ತೆಗೆಯುವುದು ಬೇಡ ಅಂತ. ಗಂಡನ ಹೆಸರಿನಲ್ಲಿ ಒಂದು ಬಲ್ಬು ಉರಿಯಲಿ ಎಂದು ಹುಡುಗಿಯ ಆಸೆ ಇರಬೇಕು ಎಂದುಕೊಂಡು ಮಹಾಲಕ್ಷ್ಮಿಯಮ್ಮ ಸುಮ್ಮನಾಗಿದ್ದಳು.

ದುರ್ಗ ಹೇಳಿದ ಮರುದಿನ ಸಂಜೆ ದೇವರಿಗೆ ದೀಪ ಹಚ್ಚಿ ಮಹಾಲಕ್ಷ್ಮಿಯಮ್ಮ ತಾನೇ ಹೋಗಿ ನಿಂತಳು. ಕತ್ತಲಾಗುತ್ತಲೇ ತಗಡು ಸರಿಯಿತು. ದುರ್ಬೀನಿನ ಕಪ್ಪು ಕೊಳವೆ ನಿಧಾನಕ್ಕೆ ಮೂತಿ ಎತ್ತಿ ಮೂಡಲಿಗೆ ತಿರುಗಿತು. ಅಲ್ಲಿ ಗುಡ್ಡದ ಮೇಲೆ ಕೃತ್ತಿಕೆ ಎದ್ದಿತ್ತು. ಯಾವ ನಕ್ಷತ್ರದಿಂದ ಈ ಬಾಗಿಲು ಮುಚ್ಚಿತೋ ಅದೇ ನಕ್ಷತ್ರ. ಅವಳ ಕೈಯ ಜಪಮಣಿ ಜಾರಿತು. ತಮ್ಮನಿಗೆ ದಾರಿ ಸಿಕ್ಕಿಲ್ಲ, ಇಲ್ಲೇ ಸುತ್ತುತ್ತಿದ್ದಾನೆ ಎಂದುಕೊಂಡು ಭಟ್ಟರ ಮನೆಗೆ ನಡೆದಳು.

ಭಟ್ಟರು ಎಲ್ಲ ಕೇಳಿ, ಒಳಗೆ ಒಲೆ ಉರಿಯಬಾರದು, ಮನುಷ್ಯರ ಕಾಲು ಬೀಳಬಾರದು ಎಂದು ಶಾಸ್ತ್ರವಿದೆ, ಮಾಡಿನ ಸುದ್ದಿ ಎಲ್ಲೂ ಇಲ್ಲ ಎಂದರು. ಪ್ರೇತಕ್ಕೆ ಕರೆಂಟು ಬೇಕಾಗುವುದಿಲ್ಲ ಮಾರಾಯ್ತಿ, ಬೇಕು ಅಂದವರನ್ನು ಕೇಳು ಎಂದು ಸಣ್ಣಗೆ ನಕ್ಕರು.

ಅವಳು ಕುಮಟಾಕ್ಕೆ ಬಂದು ಬಸ್ಸು ಬದಲಿಸಿ ಹೊನ್ನಾವರಕ್ಕೆ ಹೋದಳು.

ವಿನುತಾ ಏನನ್ನೂ ಮುಚ್ಚಿಡಲಿಲ್ಲ, ಇಲ್ಲಿಂದ ಮಾಡು ಸರಿಸುತ್ತಿರುವುದು ತಾನೇ ಎಂದಳು. ಅವಳು ಭಟ್ಕಳದ ಹತ್ತಿರದ ಬೆಳಕೆಯ ಕಡೆಯವಳು. ಮದುವೆಯಾಗಿ ಇಷ್ಟು ವರ್ಷವಾದರೂ ಅವಳ ಬಾಯಿಗೆ ಗಂಡನ ಮನೆಯವರ ಆಡುಮಾತು ಹತ್ತಿರಲಿಲ್ಲ.

"ನಾನು ಹೊಸ್ತಿಲು ದಾಟ್ಲಿಲ್ಲ ಅತ್ತಿಗೆ. ಮುಳ್ಳು ಮುಟ್ಲಿಲ್ಲ."

"ಮಾಡು ತೆಗೆದ್ರೆ ಮನೆ ತೆಗೆದ ಹಾಂಗೇ ಅಲ್ದಾ ಕೂಸೆ?"

ವಿನುತಾ ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದಳು. ಕಪ್ಪಿನ ನಡುವೆ ಆರೇಳು ಚುಕ್ಕಿ, ಅವುಗಳ ಸುತ್ತ ಇದೆಯೋ ಇಲ್ಲವೋ ಎಂಬಂಥ ನೀಲಿ ಹೊಗೆ. ಅದು ಧೂಳು, ನಕ್ಷತ್ರದ ಬೆಳಕು ಬಿದ್ದು ಹಾಗೆ ಕಾಣುತ್ತದೆ ಎಂದಳು. ಒಂದು ಫೋಟೋದಲ್ಲಿ ಅದು ಮೂಡುವುದಿಲ್ಲ, ನೂರಾರು ತೆಗೆದು ಒಂದರ ಮೇಲೊಂದು ಕೂಡಿಸಬೇಕು. ಶಿಶಿರ ಅರ್ಧ ಕೂಡಿಸಿಟ್ಟಿದ್ದ. ದುರ್ಬೀನು ಅವನೊಬ್ಬನದಲ್ಲ. ಪಾಲುದಾರರಾದ ಹುಬ್ಬಳ್ಳಿಯ ಗೆಳೆಯರು ಮನೆ ತೆರೆದ ದಿನವೇ ಬಂದು ಒಯ್ಯುತ್ತೇವೆ ಎಂದಿದ್ದರು. ಉಳಿದರ್ಧ ಮುಗಿಸಲು ಅವಳಿಗಿದ್ದದ್ದು ಈ ಮುಚ್ಚಿದ ತಿಂಗಳುಗಳೇ.

ಮಹಾಲಕ್ಷ್ಮಿಯಮ್ಮನಿಗೆ ಆ ಹೊಗೆಯನ್ನು ನೋಡಲಾಗಲಿಲ್ಲ. ಅವನನ್ನು ತಿಂದ ನಕ್ಷತ್ರದ ಮುಖವನ್ನೇ ಸಂಜೆಯಾದರೆ ನೋಡುತ್ತ ಕೂರುತ್ತೀಯಲ್ಲ, ಅವನ ಗತಿ ಏನಾಗಬೇಕು ಎಂದು ಕೇಳಿದಳು.

ವಿನುತಾ ಕಂಪ್ಯೂಟರನ್ನು ತನ್ನ ಕಡೆ ತಿರುಗಿಸಿಕೊಂಡಳು. ಆಮೇಲೆ ಹೇಳಿದಳು, "ಆವತ್ತು ಚಂದ್ರ ಕೃತ್ತಿಕೆ ಹತ್ರವೇ ಇದ್ದ ಅತ್ತಿಗೆ. ಬೆಳದಿಂಗಳಿಗೆ ಅದು ಕಾಣೂದಿಲ್ಲ ಅಂತಲೇ ಇವರು ಅಲ್ಲಿಗೆ ಹೋದದ್ದು. ಕಾಣ್ತಿದ್ರೆ ಇಲ್ಲೇ, ಈ ಕುರ್ಚಿ ಮೇಲೆ ನನ್ನ ಪಕ್ಕ ಇರ್ತಿದ್ರು."

ಮಹಾಲಕ್ಷ್ಮಿಯಮ್ಮ ಚೀಲ ಎತ್ತಿಕೊಂಡಳು. "ಇನ್ನು ಬೇಡ. ಆತಾ?" ಎಂದು ಮಾತ್ರ ಹೇಳಿ ಎದ್ದಳು. ವಿನುತಾ ಬಸ್ಸಿನ ತನಕ ಬಂದು ಕಳಿಸಿದಳು, ಮಾತು ಮಾತ್ರ ಕೊಡಲಿಲ್ಲ.

ಮಾಡು ಸರಿಯುವುದು ನಿಲ್ಲಲಿಲ್ಲ. ಕರೆಂಟಿನ ಮೇನ್ ಸ್ವಿಚ್ಚು ಆ ಮನೆಯ ಹೊರಗೋಡೆಯಲ್ಲೇ ಇತ್ತು. ಒಂದು ದಿನ ಮಹಾಲಕ್ಷ್ಮಿಯಮ್ಮ ಅದನ್ನು ತೆಗೆದೇ ಬಿಡುವುದೆಂದು ಹೋದಳು. ಕೈ ಎತ್ತಿದಳು ಕೂಡ. ಆದರೆ ಆ ಕುರ್ಚಿಯ ಮೇಲೆ ಒಬ್ಬಳೇ ಕೂತ ಹುಡುಗಿ ಕಣ್ಣಿಗೆ ಕಟ್ಟಿದಳು. ಗಣಪತಿಯ ಹೆಸರು ಹೇಳುತ್ತ ತಿರುಗಿ ಬಂದಳು. ಸ್ವಿಚ್ಚು ತೆಗೆಯದಿದ್ದದ್ದು ತಮ್ಮನಿಗೆ ಮಾಡಿದ ದ್ರೋಹವೇ ಎಂದು ಹಗಲೂ ಇರುಳೂ ಕೊರೆಯಿತು.

ಪುಷ್ಯಮಾಸದಲ್ಲಿ ಒಂದು ಸಂಜೆ, ಮಳೆಗಾಲವಲ್ಲದ ಕಾಲದಲ್ಲಿ, ಸಮುದ್ರದ ಕಡೆಯಿಂದ ಮೋಡ ಏರಿ ಬಂತು. ಊರಿನ ಕರೆಂಟೆಲ್ಲ ಹೋಯಿತು. ಅಷ್ಟರಲ್ಲಿ ವಿನುತಾಳ ಫೋನು. ಬ್ಯಾಟರಿಯ ಬಲದಲ್ಲಿ ಮಾಡು ಅರ್ಧಕ್ಕೆ ಬಂದು ಸಿಕ್ಕಿಕೊಂಡಿದೆ, ಮುಂದೆ ಬರುತ್ತಿಲ್ಲ. ಮಳೆ ಬಿದ್ದರೆ ದುರ್ಬೀನು ಹಾಳು. ಕೈಯಿಂದ ನೂಕಿದರೆ ಮುಚ್ಚುತ್ತದೆ. ಇಷ್ಟು ಹೇಳಿದಳು. ಹೋಗಿ ಎನ್ನಲಿಲ್ಲ.

ಮಹಾಲಕ್ಷ್ಮಿಯಮ್ಮ ಮೊದಲು ದುರ್ಗಳ ಮನೆಗೆ ಓಡಿದಳು. ಅವಳ ಗಂಡ ಸುಬ್ಬ ಹೊರಗಿನಿಂದ ಏಣಿ ಇಟ್ಟು ಹತ್ತಿದರೆ ಹೊಸಿಲು ದಾಟುವ ಮಾತೇ ಇಲ್ಲ. ಸುಬ್ಬ ಒಪ್ಪಲಿಲ್ಲ. ದಿನಾ ಸಂಜೆ ಒಡೆಯರು ಬಂದು ಕೂರುವ ಜಾಗಕ್ಕೆ ನಾನು ಕಾಲಿಡುವುದಿಲ್ಲ ಎಂದ. ದುರ್ಗ ಹಬ್ಬಿಸಿದ ಮಾತನ್ನು ಅವನು ಪೂರ್ತಿ ನಂಬಿದ್ದ.

ಬೀಗದ ಕೈ ದೇವರ ಗೂಡಿನಲ್ಲಿತ್ತು. ಅದನ್ನು ತೆಗೆದುಕೊಂಡು ಹೋಗಿ ಮುಳ್ಳಿನ ಕೊಂಬೆ ಎಳೆದಳು. ಅಂಗೈಗೆ ಮುಳ್ಳು ಹೋಯಿತು. ದೋಷವಿದ್ದರೆ ನನಗಿರಲಿ, ಆ ಕೂಸಿಗೂ ಬೇಡ, ಅವನಿಗೂ ಬೇಡ ಎಂದು ಬೇಡಿಕೊಂಡು ಹೊಸಿಲು ದಾಟಿದಳು.

ಚಾಪೆ ಹಾಸಿದ ಹಾಗೇ ಇತ್ತು. ಅದರ ಪಕ್ಕದಲ್ಲಿ ಕನ್ನಡಿ ಒರೆಸುವ ಬಿಳಿ ಬಟ್ಟೆ. ಅದನ್ನು ಎತ್ತಿಕೊಂಡು ಗೋಡೆ ಹಿಡಿದು ಮೆಟ್ಟಿಲು ಹತ್ತಿದಳು. ಮೊದಲ ಹನಿ ಆಗಲೇ ಬೀಳುತ್ತಿತ್ತು. ತಗಡಿಗೆ ಹೆಗಲು ಕೊಟ್ಟು ನೂಕಿದಳು, ಮತ್ತೆ ನೂಕಿದಳು. ಗಾಲಿ ಕಿರುಗುಟ್ಟಿ ಕದಲಿತು. ಮಾಡು ಕೂಡಿಕೊಂಡ ಮರುಕ್ಷಣ ಮಳೆ ಧೋ ಎಂದು ಹೊಯ್ಯಿತು.

ಕತ್ತಲಲ್ಲಿ ಕೈಯಾಡಿಸಿ ಕೊಳವೆಯ ಮೇಲೆ ಬಿದ್ದ ಹನಿಗಳನ್ನು ಒರೆಸಿದಳು. ಮಿಂದ ಮಗುವಿನ ತಲೆ ಒರೆಸಿದ ಹಾಗೆ, ಒಣಗಿದ ಮೇಲೂ ಒರೆಸುತ್ತಲೇ ಇದ್ದಳು. ತಮ್ಮ ಅಲ್ಲಿ ಇದ್ದಾನೆ ಎನ್ನಿಸಲಿಲ್ಲ. ಇಲ್ಲ ಎಂಬುದು ತಿಳಿದು ಅವಳಿಗೆ ಅಳು ಬಂತು.

ಮರುದಿನ ಭಟ್ಟರಲ್ಲಿಗೆ ಹೋಗಿ ನಡೆದದ್ದೆಲ್ಲ ಹೇಳಿದಳು. ಅವರು, ಒಂದು ಸಣ್ಣ ಶಾಂತಿ ಮಾಡಿಸಿದರೆ ಸಾಕು, ಮೂರು ತಿಂಗಳ ಲೆಕ್ಕ ಹಿಂದಿನದೇ ಎಂದರು.

"ಇಲ್ಲೆ ಭಟ್ಟರೇ. ಹೊಸಲು ದಾಟಿದ್ದು ಆನು. ಇವತ್ತಿಂದ ಮತ್ತೆ ಮೂರು ತಿಂಗಳು" ಎಂದಳು ಅವಳು.

ಹಾಗಾದರೆ ಚೈತ್ರದ ತನಕ ಹೋಗುತ್ತದಲ್ಲ, ಹುಬ್ಬಳ್ಳಿಯವರು ಸುಮ್ಮನಿರುತ್ತಾರೆಯೇ ಎಂದು ಭಟ್ಟರು ಕನ್ನಡಕದ ಮೇಲಿಂದ ನೋಡಿದರು. ಮುಚ್ಚಿದ ಮನೆಗೆ ಅವರು ಹೇಗೆ ಬರುತ್ತಾರೆ ಎಂದಳು ಅವಳು. ಭಟ್ಟರು ಪಂಚಾಂಗ ಮಡಿಚಿಟ್ಟರು.

ಇಡಗುಂಜಿಗೆ ಹೋಗಿ ಗಣಪತಿಗೆ ಗರಿಕೆ ಏರಿಸಿ ಕೈಮುಗಿದು ನಿಂತಾಗ, ತಾನು ಹಾಗೆ ಹೇಳಿದ್ದು ದೋಷದ ಭಯಕ್ಕೋ ಆ ನೀಲಿ ಹೊಗೆಗೋ ಎಂದು ಅವಳಿಗೇ ತಿಳಿಯಲಿಲ್ಲ. ದೇವರಿಗೆ ತಿಳಿದಿರುತ್ತದೆ ಎಂಬುದೇ ಹೆದರಿಕೆ. ಬರುವಾಗ ಹೊನ್ನಾವರದಲ್ಲಿ ಇಳಿಯಲಿಲ್ಲ. ಊರಿಗೆ ಬಂದು ಹೊಸ ಮುಳ್ಳು ಕಟ್ಟಿಸಿ, ವಿನುತಾಳಿಗೆ ಫೋನು ಮಾಡಿ, ಬಾಗಿಲು ತೆಗೆಯುವುದು ಇನ್ನು ಚೈತ್ರಕ್ಕೆ ಎಂದಳು.

ಚೈತ್ರಕ್ಕಾ ಎಂದು ವಿನುತಾ ಎರಡು ಸಲ ಕೇಳಿದಳು. ಆಮೇಲೆ, "ಕರೆಂಟು ಬಂತಾ ಅತ್ತಿಗೆ?"

"ಕರೆಂಟು ಬಂಜು. ಸ್ವಿಚ್ಚು ಆನು ತೆಗೆಯದಿಲ್ಲೆ."

ಆ ಸಂಜೆ ಅವಳು ದುರ್ಗಳ ಪಾತಿಯ ಬದುವಿನ ಮೇಲೆ ನಿಂತಿದ್ದಳು. ಅಂಗೈ ಬಾತುಕೊಂಡಿತ್ತು. ಮಾಡು ಸರಿದ ಸದ್ದು ಕೇಳಿತು. ದುರ್ಗ ಸೆರಗು ಬಿಗಿ ಹಿಡಿದುಕೊಂಡು ಹತ್ತಿರ ಬಂದಳು. ಮಹಾಲಕ್ಷ್ಮಿಯಮ್ಮ ಮೇಲೆ ನೋಡಲಿಲ್ಲ. ಬಾಗಿಲ ಮುಳ್ಳಿನ ಕಡೆಗೇ ಮುಖ ಮಾಡಿ, ನೋಯುವ ಕೈಯಲ್ಲಿ ಜಪಮಣಿ ಸರಿಸುತ್ತ ನಿಂತಳು.